ಬರುವ ವರುಷದ ಕಾಯಿಪಲ್ಲೆ ತೋಟ

ನಮ್ಮ ಹಳೆ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ಈ ಸ್ಮರಣ ಸಂಚಿಕೆಯ ಮೂಲಕ ಒಂದು ಪಾಠವನ್ನು ಒಪ್ಪಿಸಬೇಕೆಂಬ ಇಚ್ಛೆಯು ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿದ್ದಿತು. ಇದು ಪರೀಕ್ಷೆಗೆ ಬರತಕ್ಕ ಪಾಠವಲ್ಲ. ಊಟದ ಎಲೆಗೆ ಬರತಕ್ಕುದು. ವಿಷಯವೂ ದೂರದ್ದಲ್ಲ. ನಮ್ಮ ಪಡುಬಿದ್ರಿಯ ಮನೆಗಳ ಹಿತ್ತಿಲಿನಲ್ಲಿ ಬರುವ ವರುಷ ಏನನ್ನು, ಯಾವಾಗ, ಎಷ್ಟು ಬೆಳೆಯಬೇಕು, ಅದನ್ನು ಹೇಗೆ ಉಣ್ಣಬೇಕು ಎಂಬುದಷ್ಟೆ.

೧. ಪೇಟೆಯ ಬುಟ್ಟಿ

ಪಡುಬಿದ್ರಿಯ ಪೇಟೆಯಲ್ಲಿ ಕಾಯಿಪಲ್ಲೆಯ ಅಂಗಡಿಯ ಮುಂದೆ ಬೆಳಗ್ಗೆ ಒಂದು ಗಳಿಗೆ ನಿಂತು ನೋಡಿರಿ. ಎಲೆಕೋಸು, ಹೂಕೋಸು, ಕ್ಯಾರೆಟ್, ಬೀಟ್ರೂಟ್, ಬೀನ್ಸ್, ಬಟಾಟೆ, ಟೊಮೆಟೊ, ನೀರುಳ್ಳಿ. ಇವುಗಳಲ್ಲಿ ಬಹುಭಾಗವು ಘಟ್ಟದ ಮೇಲಿನಿಂದ ಲಾರಿಗಳಲ್ಲಿ ಇಳಿದು ಬಂದುದು. ಇದರಲ್ಲಿ ದೋಷವೇನೂ ಇಲ್ಲ. ಘಟ್ಟದ ಮೇಲಿನವರಿಗೆ ನಮ್ಮ ಮೀನೂ ತೆಂಗಿನಕಾಯಿಯೂ ಬೇಕು, ನಮಗೆ ಅವರ ಬಟಾಟೆ ಬೇಕು. ಆದರೆ ಕೊಡುಕೊಳ್ಳುವ ಈ ದಾರಿಯು ಯಾವಾಗಲೂ ತೆರೆದಿರುವುದೆಂದು ನಂಬಿ ಕುಳಿತುಕೊಳ್ಳುವುದು ಬುದ್ಧಿವಂತಿಕೆಯಲ್ಲ.

೨೦೧೮ನೆಯ ಆಗಸ್ಟ್ ತಿಂಗಳಿನಲ್ಲಿ ಗುಡ್ಡ ಕುಸಿದು ಶಿರಾಡಿ ಘಟ್ಟದ ಮಾರ್ಗ ಮುಚ್ಚಿತು. ೨೦೧೯ನೆಯ ಆಗಸ್ಟ್ ತಿಂಗಳಿನಲ್ಲಿ ಚಾರ್ಮಾಡಿ ಘಟ್ಟವೂ ಹಾಗೆಯೇ ಮುಚ್ಚಿತು. ೨೦೨೦ನೆಯ ಮಾರ್ಚ್ ೨೫ರಿಂದ ರೋಗಭಯದ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಈ ಮೂರು ಸಂದರ್ಭಗಳನ್ನೂ ನಾವೆಲ್ಲರೂ ಕಣ್ಣಾರೆ ಕಂಡವರೇ ಆಗಿದ್ದೇವೆ. ಘಟ್ಟದ ಗುಡ್ಡಗಳು ಕುಸಿಯುವುದು ಮಳೆಗಾಲದಲ್ಲಿ ಎಂಬುದನ್ನು ಮರೆಯಬಾರದು. ಅದೇ ಸಮಯದಲ್ಲಿ, ಜೂನ್ ೧ರಿಂದ ಜುಲೈ ೩೧ರ ತನಕ, ಯಂತ್ರದ ದೋಣಿಗಳು ಕಡಲಿಗೆ ಇಳಿಯಕೂಡದೆಂಬ ಸರಕಾರದ ಕಟ್ಟಳೆಯೂ ಇದೆ. ಮೀನು ಮರಿಮಾಡುವ ಕಾಲವಾದುದರಿಂದ ಅದು ಯೋಗ್ಯವಾದ ಕಟ್ಟಳೆಯೇ. ಹೀಗೆ ಪೂರ್ವದಲ್ಲಿ ಘಟ್ಟವೂ ಪಶ್ಚಿಮದಲ್ಲಿ ಕಡಲೂ ಒಮ್ಮೆಲೇ ಮುಚ್ಚಿಕೊಳ್ಳಬಹುದಾದ ತಿಂಗಳು ನಮ್ಮ ವರುಷದಲ್ಲಿ ಒಂದಿದೆ. ತುಳುವರು ಅದನ್ನು ಆಟಿ ಎಂದು ಕರೆಯುವರು.

ನಮ್ಮ ಅಜ್ಜಿಯಂದಿರು ಆಟಿಗೆ ಹೆದರುತ್ತಿದ್ದರು; ಹೆದರಿದುದರಿಂದಲೇ ಅದಕ್ಕೆ ಸಿದ್ಧರಾಗಿಯೂ ಇರುತ್ತಿದ್ದರು. ನಾವಾದರೋ ಹೆದರುವುದನ್ನು ಬಿಟ್ಟೆವು, ಅದರ ಜೊತೆಗೆ ಸಿದ್ಧತೆಯನ್ನೂ ಬಿಟ್ಟೆವು. ಈ ಲೇಖನದಲ್ಲಿ ನಾವು ಹೇಳತಕ್ಕ ಮುಖ್ಯ ಮಾತು ಇದೇ: ನಮ್ಮ ಕರಾವಳಿಯಲ್ಲಿ ಕಾಯಿಪಲ್ಲೆಯ ತೋಟದ ಲೆಕ್ಕವನ್ನು ಆಟಿಯ ಒಲೆಯ ಮುಂದೆ ಕುಳಿತು ಆರಂಭಿಸಬೇಕು. ಆ ತಿಂಗಳಿನಲ್ಲಿ ಮನೆಯವರು ಏನನ್ನು ಉಣ್ಣುವರು ಎಂದು ಮೊದಲು ಕೇಳಿಕೊಂಡರೆ, ವರುಷದ ಉಳಿದ ಕೆಲಸಗಳು ತಾವಾಗಿಯೇ ಸಾಲುಗೂಡುವವು.

ಕಷ್ಟಕಾಲವು ಜನರನ್ನು ಹಿತ್ತಿಲಿಗೆ ಕಳುಹಿಸುವುದು ನಮ್ಮ ದೇಶದಲ್ಲಿ ಮಾತ್ರವೇ ನಡೆದುದಲ್ಲ. ಎರಡನೆಯ ಮಹಾಯುದ್ಧ ಆರಂಭವಾದ ೧೯೩೯ರಲ್ಲಿ ಇಂಗ್ಲೆಂಡಿನ ಸರಕಾರವು, ಗೆಲ್ಲಬೇಕಾದರೆ ನೆಲ ಅಗೆಯಿರಿ ಎಂದು ಪ್ರಜೆಗಳಿಗೆ ಸಾರಿ, ಹೂದೋಟಗಳಲ್ಲಿಯೂ ಆಟದ ಬಯಲುಗಳಲ್ಲಿಯೂ ಕಾಯಿಪಲ್ಲೆ ಬೆಳೆಯಿಸಿತು. ಅಮೇರಿಕೆಯಲ್ಲಿ ೧೯೪೩ರ ಹೊತ್ತಿಗೆ ಇಂತಹ ತೋಟಗಳು ಸುಮಾರು ಎರಡು ಕೋಟಿಯಷ್ಟಿದ್ದುವೆಂದು ಎಣಿಕೆ. ನಮ್ಮ ದೇಶದಲ್ಲಿಯೂ ಅದೇ ಯುದ್ಧದ ಕಾಲದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿ ಆರಂಭವಾಯಿತು. ಆದರೆ ಯುದ್ಧ ಮುಗಿದೊಡನೆ ಪರದೇಶದ ಆ ತೋಟಗಳಲ್ಲಿ ಹಲವು ಮತ್ತೆ ಹುಲ್ಲಾದುವು. ಹೆದರಿಕೆಯಿಂದ ಮಾಡಿದ ತೋಟವು ಹೆದರಿಕೆ ಇರುವ ತನಕ ಮಾತ್ರ ಬಾಳುವುದು. ವರುಷ ವರುಷವೂ ಬರುವ ಆಟಿಗೋಸ್ಕರ ಮಾಡಿದ ತೋಟವು ಮನೆಯ ವಾಡಿಕೆಯಾಗಿ ನಿಲ್ಲುವುದು.

೨. ಊರಿನ ಕಾಯಿ ಯಾವುದು?

ಊರಿನದನ್ನು ಉಣ್ಣಬೇಕೆಂದು ತರಗತಿಯಲ್ಲಿ ನಾವು ಹೇಳಿದಾಗ ಹುಡುಗಿಯರು ಒಂದು ಪ್ರಶ್ನೆಯನ್ನು ಕೇಳುವುದುಂಟು: ಊರಿನದು ಎಂದರೆ ಯಾವುದು? ಪ್ರಶ್ನೆ ಸಣ್ಣದಲ್ಲ. ನಾವು ನಮ್ಮದೆಂದೇ ನಂಬಿರುವ ಹಸಿಮೆಣಸು, ಚೀನಿಕಾಯಿ, ಮರಗೆಣಸು, ಗೆಣಸು, ಪಪ್ಪಾಯಿ, ಗೇರು, ಇವೆಲ್ಲವೂ ಹುಟ್ಟಿನಿಂದ ಅಮೇರಿಕ ಖಂಡದವು. ಕಡಲು ದಾಟಿ ನಮ್ಮಲ್ಲಿಗೆ ಬಂದವು. ಅಲಸಂಡೆಯ ಮೂಲ ಆಫ್ರಿಕ. ಜೀಗುಜ್ಜೆಯು ಶಾಂತ ಮಹಾಸಾಗರದ ದ್ವೀಪಗಳ ಮರ. ಹುಟ್ಟಿದ ಸ್ಥಳವನ್ನೇ ಕೇಳುತ್ತ ಹೋದರೆ ನಮ್ಮ ಹುಳಿಯ ಪಾತ್ರೆಯಲ್ಲಿ ಹೆಚ್ಚೇನೂ ಉಳಿಯಲಿಕ್ಕಿಲ್ಲ.

ಆದುದರಿಂದ ನಾವು ಬೇರೆ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇವೆ. ಈ ಗಿಡವು ನಮ್ಮ ಮಳೆಯನ್ನು ತಾಳಬಲ್ಲುದೇ? ನಮ್ಮ ಹಟ್ಟಿಗೊಬ್ಬರ, ಬೂದಿ, ಬಾವಿಯ ನೀರು, ಇಷ್ಟರಲ್ಲಿಯೇ ಕಾಯಿ ಬಿಡಬಲ್ಲುದೇ? ಇಲ್ಲಿಯೇ ಬೀಜ ಕೊಟ್ಟು, ಆ ಬೀಜದಿಂದ ಮರುವರುಷವೂ ತನ್ನಂತೆಯೇ ಹುಟ್ಟಬಲ್ಲುದೇ? ಈ ಮೂರಕ್ಕೂ ಹೌದೆನ್ನುವ ಗಿಡ ಎಲ್ಲಿಂದ ಬಂದುದಾದರೂ ಊರಿನದೇ. ಎಲೆಕೋಸು ಮೊದಲನೆಯ ಪ್ರಶ್ನೆಯಲ್ಲಿಯೇ ಸೋಲುವುದು. ಬಸಳೆ, ಹರಿವೆ, ಕೆಸು, ತೊಂಡೆ, ಹೀರೆ, ಪಡುವಲ, ಹಾಗಲ, ಮುಳ್ಳುಸೌತೆ, ಬಣ್ಣದ ಸೌತೆ, ಬೂದುಗುಂಬಳ, ಅಲಸಂಡೆ, ಬೆಂಡೆ, ಗುಳ್ಳ, ನುಗ್ಗೆ, ಸುವರ್ಣಗೆಡ್ಡೆ, ಇವುಗಳು ಗೆಲ್ಲುವುವು. ಬಸಳೆ ತೊಂಡೆಗಳಂತಹವಕ್ಕೆ ಬೀಜವೇ ಬೇಕೆಂದಿಲ್ಲ. ಬಳ್ಳಿಯ ತುಂಡೇ ಬೀಜ.

೩. ನಮ್ಮ ಎರಡು ತಪ್ಪುಗಳು

ಕಲಿಸುವವರು ತಮ್ಮ ತಪ್ಪನ್ನೂ ಹೇಳಬೇಕು. ನಮ್ಮ ಶಾಲೆಯ ಹಿಂದಣ ತೋಟದಲ್ಲಿ ನಾವು ಎರಡು ತಪ್ಪುಗಳನ್ನು ಮಾಡಿದೆವು.

ಮೊದಲನೆಯದು ಕಾಲದ ತಪ್ಪು. ಶಾಲೆ ಬೇಸಗೆಯ ರಜೆಯ ನಂತರ ತೆರೆಯುವುದರಿಂದ ನಮ್ಮ ತೋಟದ ಕೆಲಸವೂ ಜೂನ್ ತಿಂಗಳಲ್ಲಿಯೇ ಆರಂಭವಾಗುತ್ತಿದ್ದಿತು. ಹುಡುಗಿಯರು ಉತ್ಸಾಹದಿಂದ ನೆಲ ಅಗೆದು, ಸಾಲು ಎಳೆದು, ಬೀಜ ಬಿತ್ತುವರು. ಅಷ್ಟರಲ್ಲಿ ಮಳೆ ಹಿಡಿದಿರುವುದು. ಬೆಂಡೆಯ ಬೀಜ ಮಣ್ಣಿನಲ್ಲಿಯೇ ಕೊಳೆಯುವುದು. ಹರಿವೆಯ ಸಣ್ಣ ಬೀಜ ನೀರಿನೊಡನೆ ತೋಡಿಗೆ ಹೋಗುವುದು. ಹಲವು ವರುಷ ಹೀಗೆಯೇ ಆದ ಮೇಲೆ ನಮಗೆ ಹೊಳೆಯಿತು: ಶಾಲೆಯ ಪಂಚಾಂಗವೇ ಬೇರೆ, ತೋಟದ ಪಂಚಾಂಗವೇ ಬೇರೆ. ನಮ್ಮಲ್ಲಿ ಬಿತ್ತನೆಗೆ ತಕ್ಕ ದಿನಗಳು ಮೇ ತಿಂಗಳ ಕೊನೆಯವು. ಆಗ ಮಕ್ಕಳು ಶಾಲೆಯಲ್ಲಿರುವುದಿಲ್ಲ, ಮನೆಯಲ್ಲಿರುವರು. ಆದುದರಿಂದ ಈಗ ಮಾರ್ಚ್ ತಿಂಗಳಲ್ಲಿಯೇ ಬೀಜದ ಪೊಟ್ಟಣಗಳನ್ನು ಕಟ್ಟಿ ಮಕ್ಕಳ ಕೈಯಲ್ಲಿ ಮನೆಗೆ ಕಳುಹಿಸುತ್ತೇವೆ. ಈ ಪಾಠವನ್ನು ತಾಯಿತಂದೆಗಳಿಗೆ ಬರೆಯುತ್ತಿರುವುದಕ್ಕೆ ಕಾರಣವೂ ಇದೇ.

ಎರಡನೆಯದು ಹೆಚ್ಚು ನೋವಿನದು. ನಮ್ಮ ತೋಟದಲ್ಲಿ ಊರಿನ ಬಿಳಿ ಬೆಂಡೆಯ ಒಂದು ತಳಿ ಇದ್ದಿತು. ಗೇಣಿಗಿಂತಲೂ ಉದ್ದ, ಎಳೆಯದಿರುವಾಗ ಬೆರಳಿನಿಂದ ಮುರಿದರೆ ತಟ್ಟನೆ ಮುರಿಯುವುದು. ಒಂದು ವರುಷ ಬೆಳೆ ಸೊಗಸಾಗಿ ಬಂದಿತು. ಇಷ್ಟು ಸೇರು ಕೊಯ್ದೆವೆಂದು ಹೇಳಿಕೊಳ್ಳುವ ಸಂತೋಷದಲ್ಲಿ ಪ್ರತಿಯೊಂದು ಕಾಯನ್ನೂ ಕೊಯ್ದು ಅಡುಗೆಗೆ ಕೊಟ್ಟೆವು. ಬೀಜಕ್ಕೆಂದು ಒಂದು ಕಾಯಿಯನ್ನೂ ಬಿಡಲಿಲ್ಲ. ಮರುವರುಷ ಪೇಟೆಯಿಂದ ತಂದ ಬೀಜ ಬಿತ್ತಿದೆವು. ಹಸಿರು ಬೆಂಡೆ ಬಂದಿತು, ಅದೂ ಚೆನ್ನಾಗಿಯೇ ಇದ್ದಿತು, ಆದರೆ ಅದು ಬೇರೆಯದು.

ಆ ಬಿಳಿ ಬೆಂಡೆಯನ್ನು ಹುಡುಕಿಕೊಂಡು ಹೋದಾಗ ಊರಿನ ಇನ್ನೊಂದು ಮುಖ ನಮಗೆ ಕಂಡಿತು. ಯಾವ ಯಾವ ಮನೆಗಳ ಹಿತ್ತಿಲಿನಲ್ಲಿ ಅದನ್ನು ಕಂಡ ನೆನಪಿದ್ದಿತೋ ಅವುಗಳಲ್ಲಿ ಹಲವಕ್ಕೆ ಬೀಗ. ಮಕ್ಕಳು ಮುಂಬಯಿಗೋ ಕೊಲ್ಲಿಯ ದೇಶಗಳಿಗೋ ಹೋಗಿ ನೆಲೆಸಿದ್ದಾರೆ. ಹಿತ್ತಿಲಿನಲ್ಲಿ ಹುಲ್ಲು ಬೆಳೆದಿದೆ. ಕೊನೆಗೆ ನಮ್ಮ ಒಬ್ಬ ವಿದ್ಯಾರ್ಥಿನಿಯ ಅಜ್ಜಿಯ ಮನೆಯಲ್ಲಿ ಅದು ಸಿಕ್ಕಿತು. ಅವರು ಒಲೆಯ ಮೇಲಣ ಅಟ್ಟದಿಂದ ಒಣಗಿದ ನಾಲ್ಕು ಬೆಂಡೆಗಳನ್ನು ಇಳಿಸಿ ಎರಡನ್ನು ನಮ್ಮ ಕೈಯಲ್ಲಿಟ್ಟು, “ಟೀಚರೇ, ಎರಡು ನಿಮಗೆ, ಎರಡು ನನಗೆ. ನಿಮ್ಮದು ಮತ್ತೆ ಹೋದರೆ ನನ್ನದರಿಂದ ಕೊಡುತ್ತೇನೆ; ನನ್ನದು ಹೋದರೆ ನೀವು ಕೊಡಬೇಕು,” ಎಂದರು. ಬೀಜವನ್ನು ಕಾಯುವ ಶಾಸ್ತ್ರವೆಲ್ಲವೂ ಆ ಒಂದು ಮಾತಿನಲ್ಲಿದೆಯೆಂದು ನಮಗೆ ತೋರಿತು.

೪. ನೆಲ, ಮಳೆ ಮತ್ತು ಉಪ್ಪು

ತೋಟಕ್ಕೆ ಕೈಹಾಕುವ ಮುನ್ನ ನಮ್ಮ ನೆಲದ ಗುಣವನ್ನು ತಿಳಿಯಬೇಕು. ಉಡುಪಿ ಜಿಲ್ಲೆಯಲ್ಲಿ ವರುಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆಯಾಗುವುದು; ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನ ತನಕದ ನಾಲ್ಕೇ ತಿಂಗಳುಗಳಲ್ಲಿ ಸುರಿಯುವುದು. ಇಂತಹ ಮಳೆಯು ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುವುದರಿಂದ ನಮ್ಮ ಮುರಕಲ್ಲಿನ ಮಣ್ಣು ಹುಳಿಯಾಗಿರುವುದು. ಒಲೆಯ ಬೂದಿಯನ್ನೂ ಸ್ವಲ್ಪ ಸುಣ್ಣವನ್ನೂ ಬೆರೆಸಿದರೆ ಆ ಹುಳಿ ತಗ್ಗುವುದು. ತರಗೆಲೆಯ ಮೇಲೆ ಮಣ್ಣು ಹಾಕಿ ಸುಟ್ಟು ಮಾಡುವ ಸುಡುಮಣ್ಣನ್ನು ನಮ್ಮ ಹಿರಿಯರು ಗಿಡದ ಬುಡಕ್ಕೆ ಹಾಕುತ್ತಿದ್ದುದು ಈ ಕಾರಣದಿಂದಲೂ ಪ್ರಯೋಜನಕರವಾದುದೇ.

ಕಡಲಿಗೆ ಹತ್ತಿರದ ಮನೆಗಳಲ್ಲಿ ಮಣ್ಣಿಗಿಂತ ಹೊಯಿಗೆಯೇ ಹೆಚ್ಚು. ಹೊಯಿಗೆಯು ನೀರನ್ನು ಹಿಡಿಯದು, ಗೊಬ್ಬರವನ್ನೂ ಹಿಡಿಯದು. ಅಲ್ಲಿ ಒಮ್ಮೆಗೇ ಬುಟ್ಟಿ ಬುಟ್ಟಿಯಾಗಿ ಗೊಬ್ಬರ ಸುರಿಯುವ ಬದಲು ಹದಿನೈದು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ನೆಲವನ್ನು ಸೊಪ್ಪಿನಿಂದಲೂ ತೆಂಗಿನ ಸಿಪ್ಪೆಯಿಂದಲೂ ಮುಚ್ಚಿಡಬೇಕು. ಏಪ್ರಿಲ್ ಮೇ ತಿಂಗಳುಗಳಲ್ಲಿ ಕೆಲವು ಬಾವಿಗಳ ನೀರು ಉಪ್ಪಾಗುವುದುಂಟು. ಅಂತಹ ನೀರನ್ನು ತೆಂಗಿನ ಮರ ತಾಳೀತು, ಅಲಸಂಡೆ ತಾಳದು. ನಾಲಗೆಗೆ ಉಪ್ಪೆನಿಸಿದ ನೀರನ್ನು ಕಾಯಿಪಲ್ಲೆಯ ಬುಡಕ್ಕೆ ಹೊಯ್ಯದಿರುವುದೇ ಲೇಸು.

೫. ಒಂದು ಸೆಂಟಿನ ತೋಟ

ನಮ್ಮಲ್ಲಿ ಭೂಮಿಯನ್ನು ಸೆಂಟಿನಲ್ಲಿ ಅಳೆಯುವರಷ್ಟೆ. ಒಂದು ಸೆಂಟು ಎಂದರೆ ಸುಮಾರು ೪೩೫ ಚದರ ಅಡಿ. ಇಷ್ಟು ಸ್ಥಳದಲ್ಲಿ ನಾಲ್ಕು ಪಾತಿಗಳನ್ನು ಮಾಡಬಹುದು: ಒಂದೊಂದು ೪ ಅಡಿ ಅಗಲ, ೧೬ ಅಡಿ ಉದ್ದ, ನಡುವೆ ಒಂದೂವರೆ ಅಡಿಯ ಕಾಲುದಾರಿ. ನಾಲ್ಕಡಿಗಿಂತ ಅಗಲ ಮಾಡಕೂಡದು. ಎರಡು ಬದಿಯಿಂದಲೂ ಕೈ ನಡುವಿಗೆ ಎಟಕಬೇಕು, ಪಾತಿಯೊಳಗೆ ಕಾಲಿಡುವ ಪ್ರಸಂಗ ಬರಬಾರದು. ಮಳೆಗಾಲಕ್ಕೆ ಪಾತಿಗಳನ್ನು ಒಂದು ಅಡಿಯಷ್ಟು ಎತ್ತರಿಸಿ, ಸುತ್ತ ನೀರು ಹರಿದುಹೋಗಲು ದಾರಿ ಬಿಡಬೇಕು. ಬೇಸಗೆಗೆ ಅದನ್ನೇ ತಗ್ಗಿಸಿ ನೀರು ನಿಲ್ಲುವಂತೆ ಮಾಡಬೇಕು. ನಮ್ಮ ಕರಾವಳಿಯ ತೋಟಗಾರಿಕೆಯಲ್ಲಿ ಅರ್ಧ ವರುಷ ನೀರನ್ನು ಓಡಿಸುವುದು, ಅರ್ಧ ವರುಷ ನೀರನ್ನು ಹಿಡಿಯುವುದು, ಇದೇ ಮುಖ್ಯ ಕೆಲಸ.

ನಾಲ್ಕು ಪಾತಿಗಳಲ್ಲಿ ಒಂದು ಸೊಪ್ಪಿಗೆ, ಒಂದು ಬೆಂಡೆ ಬದನೆ ಮೆಣಸುಗಳಿಗೆ, ಒಂದು ಅಲಸಂಡೆಗೆ, ಒಂದು ಸೌತೆ ಮೊದಲಾದ ಬಳ್ಳಿಗಳಿಗೆ. ಮರುವರುಷ ಒಂದೊಂದು ಸ್ಥಳ ಮುಂದಕ್ಕೆ ಸರಿಸಬೇಕು. ಬದನೆಯ ಜಾಗದಲ್ಲಿ ಮತ್ತೆ ಬದನೆಯನ್ನೋ ಮೆಣಸನ್ನೋ ಟೊಮೆಟೊವನ್ನೋ ನೆಟ್ಟರೆ ಮಣ್ಣಿನಲ್ಲಿ ಉಳಿದ ರೋಗದಿಂದ ಗಿಡ ನಿಂತಲ್ಲಿಯೇ ಬಾಡುವುದು. ಅಲಸಂಡೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಅದು ಬೆಳೆದ ಜಾಗದಲ್ಲಿ ಮರುಸಲ ಸೊಪ್ಪು ಹುಲುಸಾಗುವುದು.

ಈ ಸೆಂಟಿನ ಹೊರಗೆ, ಪಾತ್ರೆ ತೊಳೆದ ನೀರು ಹರಿಯುವಲ್ಲಿ ಬಸಳೆಯ ಚಪ್ಪರ ಮತ್ತು ಬಾಳೆ. ಬೇಲಿಯ ಬದಿಯಲ್ಲಿ ತೊಂಡೆ. ನೀರು ನಿಲ್ಲದ ಎತ್ತರದಲ್ಲಿ ಒಂದು ನುಗ್ಗೆ, ಒಂದು ಕರಿಬೇವು. ತೋಡಿನ ಬದಿಯಲ್ಲಿ ಕೆಸು ಮತ್ತು ಒಂದೆಲಗ. ಮೂಲೆಯಲ್ಲಿ ಬಿಂಬುಳಿಯ ಒಂದು ಗಿಡ. ಇವುಗಳು ಒಮ್ಮೆ ನೆಟ್ಟರೆ ಬಹುಕಾಲ ಬರತಕ್ಕವು. ಆದುದರಿಂದ ಇವನ್ನು ಮೊದಲು ನೆಡಬೇಕು.

ಈ ತೋಟ ಮನೆಯ ಎಲ್ಲ ಬೇಡಿಕೆಯನ್ನೂ ಪೂರೈಸುವುದೇ? ಇಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ಒಬ್ಬನಿಗೆ ದಿನಕ್ಕೆ ಕಡಿಮೆಯೆಂದರೂ ೪೦೦ ಗ್ರಾಮು ಕಾಯಿಪಲ್ಲೆ ಮತ್ತು ಹಣ್ಣು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವರು. ಬಟಾಟೆಯಂತಹ ಗೆಡ್ಡೆಗಳು ಈ ಲೆಕ್ಕಕ್ಕೆ ಸೇರವು. ನಾಲ್ವರ ಮನೆಗೆ ದಿನಕ್ಕೆ ೧,೬೦೦ ಗ್ರಾಮು ಆಯಿತು. ಒಂದು ಸೆಂಟು ವರುಷವಿಡೀ ಅಷ್ಟನ್ನು ಕೊಡಲಾರದು. ಆದರೆ ಸೊಪ್ಪಿನ ಮಟ್ಟಿಗೆ ಮನೆಯನ್ನು ಪೇಟೆಯ ಹಂಗಿನಿಂದ ಬಿಡಿಸಬಲ್ಲುದು, ಆಟಿಯನ್ನು ದಾಟಿಸಬಲ್ಲುದು. ಆರಂಭಕ್ಕೆ ಇಷ್ಟು ಸಾಕು.

೬. ವರುಷದ ಪಂಚಾಂಗ

ಬಿಸು (ಏಪ್ರಿಲ್ ಮಧ್ಯ). ತುಳುನಾಡಿನ ಹೊಸ ವರುಷ. ಕಣಿ ಇಡುವ ಮನೆಗಳಲ್ಲಿ ಬಣ್ಣದ ಸೌತೆಯನ್ನು ಇಡುವ ವಾಡಿಕೆ ಇದೆ. ವರುಷದ ಮೊದಲ ನೋಟ ಕಾಯಿಪಲ್ಲೆಯ ಮೇಲೆ ಬೀಳುವುದು ಯಾವ ಮತದವರಿಗೂ ಒಳ್ಳೆಯ ಶಕುನವೇ. ಈ ತಿಂಗಳಲ್ಲಿ ಗೊಬ್ಬರ ಹೊತ್ತು ಹಾಕಬೇಕು, ಸುಡುಮಣ್ಣು ಮಾಡಬೇಕು, ಸುವರ್ಣಗೆಡ್ಡೆಯ ತುಂಡುಗಳನ್ನು ನೆಡಬೇಕು. ಅದು ಎಂಟೊಂಬತ್ತು ತಿಂಗಳಿಗೆ ಕೈಗೆ ಬರುವುದು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದೂ ಹಲಸಿನ ಬೀಜವನ್ನು ಕೂಡಿಡುವುದೂ ಬೇಸಗೆ ಮುಗಿಯುವುದರೊಳಗೆ ಆಗತಕ್ಕ ಕೆಲಸ.

ಪತ್ತನಾಜೆ (ಮೇ ೨೪ರ ಸುಮಾರಿಗೆ). ಬೇಶ ತಿಂಗಳ ಹತ್ತನೆಯ ದಿನ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ದಿನವೇ ರೈತನು ಗುದ್ದಲಿ ಹಿಡಿಯುವ ದಿನ. ಬೆಂಡೆ, ಅಲಸಂಡೆ, ಹೀರೆ, ಹಾಗಲ, ಪಡುವಲ, ಮುಳ್ಳುಸೌತೆ, ಹರಿವೆ, ಬೂದುಗುಂಬಳ, ಇವುಗಳ ಬಿತ್ತನೆ ಈಗಲೇ. ಭಾರೀ ಮಳೆ ಬರುವ ಮುಂಚೆ ಗಿಡಕ್ಕೆ ನಾಲ್ಕೆಲೆ ಬಂದು ಬೇರು ಹಿಡಿದಿರಬೇಕು. ಆದರೆ ಈಚೆಗೆ ಮಳೆ ಪಂಚಾಂಗವನ್ನು ಕೇಳುವುದಿಲ್ಲ. ೨೦೨೩ರಲ್ಲಿ ಮುಂಗಾರು ಕೇರಳಕ್ಕೆ ಬಂದುದು ಜೂನ್ ೮ರಂದು. ೨೦೨೫ರಲ್ಲಿ ಮೇ ೨೪ರಂದೇ ಬಂದಿತು. ಎರಡು ವಾರಗಳ ಅಂತರ! ಆದುದರಿಂದ ಬೀಜವನ್ನು ಮೂರು ಪಾಲು ಮಾಡಿರಿ. ಒಂದು ಪಾಲು ಮೇ ಮಧ್ಯದಲ್ಲಿ ನೀರು ಕೊಟ್ಟು ಬಿತ್ತಿರಿ. ಒಂದು ಪಾಲು ಪತ್ತನಾಜೆಗೆ. ಮೂರನೆಯದನ್ನು ಮುಟ್ಟದೆ ಡಬ್ಬಿಯಲ್ಲಿಡಿರಿ. ಎರಡೂ ಕೆಟ್ಟುಹೋದ ವರುಷ ಆ ಮೂರನೆಯ ಪಾಲು ನಿಮ್ಮ ಮಾನ ಕಾಯುವುದು.

ಆಟಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ). ಗಿಡಗಳು ಇನ್ನೂ ಎಳೆಯವು ಅಥವಾ ಮಳೆಯಲ್ಲಿ ನಲುಗಿರುವುವು. ತೋಟದ ಕೈ ಬಿಗಿ. ಈಗ ಉಣ್ಣತಕ್ಕುದು ಮೂರು ಬಗೆ. ಒಂದು, ಮಳೆಯೇ ಬೆಳೆಯಿಸಿದ್ದು: ಪತ್ರೊಡೆಗೆ ಕೆಸುವಿನ ಎಲೆ, ತಜಂಕ್ ಎಂದು ತುಳುವಿನಲ್ಲಿ ಕರೆಯುವ ತಗಟೆಯ ಚಿಗುರು, ಒಂದೆಲಗದ ಚಟ್ನಿ, ಕಣಿಲೆ. ಎರಡು, ಬೇಸಗೆಯಲ್ಲಿ ಕೂಡಿಟ್ಟದ್ದು: ಅಟ್ಟದ ಬಣ್ಣದ ಸೌತೆ, ಹಲಸಿನ ಬೀಜ, ಉಪ್ಪಿನ ಸೊಳೆ, ಮಾವಿನ ಮಿಡಿ, ಹುರುಳಿ. ಮೂರು, ಬಿಡದೆ ಚಿಗುರುವ ಬಸಳೆ. ಸೌತೆಕಾಯಿ ಮತ್ತು ಹಲಸಿನ ಬೀಜದ ಹುಳಿ, ಕುಚ್ಚಲಕ್ಕಿಯ ಗಂಜಿ, ಒಂದು ಚಟ್ನಿ. ಇದು ಬಡವರ ಊಟವೆಂದು ನಾಚುವವರು ಅದರ ರುಚಿಯನ್ನು ಮರೆತವರು. ಕಾಡಿನ ಸೊಪ್ಪನ್ನು ಬಲ್ಲವರಿಂದ ಗುರುತು ಮಾಡಿಸಿಕೊಳ್ಳದೆ ಮಕ್ಕಳು ಕೊಯ್ಯಬಾರದು. ಕಣಿಲೆಯನ್ನು ನೀರಿನಲ್ಲಿ ನೆನೆಯಿಸಿ, ಬೇಯಿಸಿದ ನೀರನ್ನು ಚೆಲ್ಲಿಯೇ ಉಪಯೋಗಿಸಬೇಕು.

ಸೋಣ (ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯ). ಪತ್ತನಾಜೆಯ ಬಿತ್ತನೆಗೆ ಈಗ ಫಲ. ಬೆಂಡೆ, ಮುಳ್ಳುಸೌತೆಗಳು ಬಿತ್ತಿದ ಐವತ್ತು ದಿನಗಳ ಸುಮಾರಿಗೆ ಬರತೊಡಗಿ, ಬಿಸಿಲು ಕಂಡೊಡನೆ ಹೆಚ್ಚುವುವು. ಹೀರೆ, ಹಾಗಲ, ಅಲಸಂಡೆಗಳಿಗೆ ಇನ್ನೊಂದು ವಾರ ಹತ್ತು ದಿನ ಹೆಚ್ಚು. ನಮ್ಮ ಹಬ್ಬಗಳು ಈ ಕಾಲದಲ್ಲಿ ಗುಂಪಾಗಿ ಬರುವುದು ಅರ್ಥವಿಲ್ಲದೆ ಅಲ್ಲ: ಅಷ್ಟಮಿ, ಚೌತಿ, ಸೆಪ್ಟೆಂಬರ್ ೮ರ ಮೊಂತಿ ಹಬ್ಬ. ಮೊಂತಿ ಹಬ್ಬದ ದಿನ ಕಥೋಲಿಕರ ಮನೆಗಳಲ್ಲಿ ಹೊಸ ತೆನೆಯೊಡನೆ ಐದು, ಏಳು, ಒಂಬತ್ತು ಎಂದು ಬೆಸ ಸಂಖ್ಯೆಯ ಕಾಯಿಪಲ್ಲೆಗಳ ಊಟ. ಒಂಬತ್ತು ಕಾಯಿಗಳನ್ನು ಪೇಟೆಗೆ ಹೋಗದೆ ಹಿತ್ತಿಲಿನಿಂದಲೇ ತಂದ ಮನೆಯು ವರುಷದ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂದೇ ನಾವು ತಿಳಿಯುತ್ತೇವೆ.

ಮಳೆ ಬಿಟ್ಟ ಮೇಲೆ (ಅಕ್ಟೋಬರ್, ನವೆಂಬರ್). ಗುಳ್ಳದ ಸಸಿಗಳನ್ನು ಮೊದಲೇ ಎಬ್ಬಿಸಿಟ್ಟು ಈಗ ನೆಡಬೇಕು. ಹರಿವೆಯನ್ನು ಹದಿನೈದು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತುತ್ತ ಬಂದರೆ ತಿಂಗಳು ಕಳೆಯುವುದರೊಳಗೆ ಕೊಯ್ಯತೊಡಗಿ ಬೇಸಗೆಯ ತನಕ ಸೊಪ್ಪು ತಪ್ಪದು. ಇಬ್ಬನಿ ಇರುವಾಗಲೇ ಎಲೆಗಳ ಮೇಲೆ ಬೂದಿ ಎರಚಿದರೆ ಹುಳದ ಕಾಟ ಕಡಿಮೆ. ಬಾಡಿದ ಬದನೆಯ ಕುಡಿಯೊಳಗೆ ಹುಳವಿರುವುದು. ಆ ಕುಡಿಯನ್ನು ಚಿವುಟಿ ಸುಡಬೇಕು. ನೊಣ ಕುಟ್ಟಿ ಉದುರಿದ ಹಾಗಲ ಹೀರೆಗಳನ್ನು ಬುಡದಲ್ಲಿಯೇ ಬಿಡಬಾರದು, ಆಳವಾಗಿ ಹೂಳಬೇಕು.

ಚಳಿಗಾಲ ಮತ್ತು ಸುಗ್ಗಿ (ಡಿಸೆಂಬರಿನಿಂದ ಮಾರ್ಚ್). ಬಣ್ಣದ ಸೌತೆಯ ಕಾಲ. ಗದ್ದೆಯಿರುವವರು ಕೊಯ್ಲಾದ ಗದ್ದೆಯಲ್ಲಿ, ಇಲ್ಲದವರು ಪಾತಿಯಲ್ಲಿ ಬಿತ್ತಲಿ. ಪೂರ್ತಿಯಾಗಿ ಹಣ್ಣಾಗಿ ಬಣ್ಣ ಬಂದ, ಗಾಯವಿಲ್ಲದ ಕಾಯಿಗಳನ್ನು ಆರಿಸಿ, ಒಂದಕ್ಕೊಂದು ತಾಗದಂತೆ ಬಾಳೆಯ ನಾರಿನಲ್ಲಿ ಕಟ್ಟಿ ಗಾಳಿಯಾಡುವ ಅಟ್ಟದಲ್ಲಿ ತೂಗಹಾಕಿದರೆ ಮಳೆಗಾಲದ ತನಕ ಕೆಡದು. ಹೀಗೆ ಮಾರ್ಚ್ ತಿಂಗಳಲ್ಲಿ ಅಟ್ಟಕ್ಕೆ ಏರಿದ ಸೌತೆಯು ಜುಲೈ ತಿಂಗಳಲ್ಲಿ ಒಲೆಗೆ ಇಳಿಯುವುದು. ಸುಗ್ಗಿಯಲ್ಲಿ ಅಟ್ಟವನ್ನು ನೋಡಿದರೆ ಆ ಮನೆಯ ಆಟಿ ಹೇಗಿರುವುದೆಂದು ಹೇಳಬಹುದು.

೭. ಅಡುಗೆಮನೆಯಲ್ಲಿ

ಬೆಳೆದುದು ಮೈಗೆ ಹತ್ತಬೇಕಾದರೆ ಅಡುಗೆಯಲ್ಲಿಯೂ ಜ್ಞಾನ ಬೇಕು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೪೯ ವರುಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ ಇದೆ. ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಈ ಅಂಕಿ ಬರಿಯ ಅಂಕಿಯಲ್ಲ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ತಲೆ ತಿರುಗಿ ಕುಳಿತುಬಿಡುವ ಹುಡುಗಿಯ ಮುಖ ನಮ್ಮ ಕಣ್ಣ ಮುಂದೆ ಬರುವುದು. ಸೊಪ್ಪು ಔಷಧವಲ್ಲ, ರೋಗವಾದಾಗ ವೈದ್ಯರಿಗೆ ತೋರಿಸಲೇಬೇಕು. ಆದರೂ ಹರಿವೆ, ನುಗ್ಗೆಸೊಪ್ಪುಗಳಲ್ಲಿ ಕಬ್ಬಿಣದ ಅಂಶವಿದೆ. ಅವುಗಳೊಡನೆ ಲಿಂಬೆಯ ರಸವನ್ನೋ ನೆಲ್ಲಿಯನ್ನೋ ಸೇರಿಸಿ ಉಂಡರೆ ಆ ಅಂಶವು ಮೈಗೆ ಹೆಚ್ಚು ಹತ್ತುವುದು. ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುವುದು. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಬೇಕು, ಹೆಚ್ಚಿದ ಮೇಲೆ ತೊಳೆಯಬಾರದು. ಹರಿವೆ ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಸೇರಿಸಬೇಕು. ಕೆಸುವಿನ ತುರಿಕೆಗೆ ಅದರೊಳಗಿನ ಸೂಜಿಯಂತಹ ಸಣ್ಣ ಹರಳುಗಳು ಕಾರಣ; ಹುಣಸೆ, ಬಿಂಬುಳಿ, ಅಂಬಟೆಗಳಲ್ಲಿ ಯಾವುದಾದರೂ ಹುಳಿಯನ್ನು ಹಾಕಿ ಚೆನ್ನಾಗಿ ಬೇಯಿಸಿದರೆ ತುರಿಕೆ ಅ಼ಡಗುವುದು.

ಮಗಳ ಪಾಲಿಗೆ ಕೊನೆಯಲ್ಲಿ ಉಳಿದ ಸಾರಿನ ನೀರನ್ನು ಬಡಿಸುವ ವಾಡಿಕೆ ಯಾವ ಮನೆಯಲ್ಲಿದ್ದರೂ ಅದನ್ನು ಬಿಡಬೇಕೆಂದು ಇಲ್ಲಿಯೇ ಹೇಳಿಬಿಡುತ್ತೇವೆ. ತೋಟಕ್ಕೆ ನೀರು ಹೊತ್ತವಳಿಗೆ ಪಲ್ಯದಲ್ಲಿಯೂ ಸಮಪಾಲು ಸಲ್ಲಬೇಕು.

೮. ಬೀಜ

ಪಡುಬಿದ್ರಿಯಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಕಾಪುವನ್ನು ದಾಟಿ ಕಟಪಾಡಿಗೆ ಹೋದರೆ ಅಲ್ಲಿಂದ ಪಶ್ಚಿಮಕ್ಕೆ, ಕಡಲಿನ ಬದಿಯಲ್ಲಿ, ಮಟ್ಟು ಎಂಬ ಸಣ್ಣ ಊರು. ಅಲ್ಲಿಯ ಗುಳ್ಳವು ದುಂಡಗೆ, ತಿಳಿಹಸಿರು, ಮೈಮೇಲೆ ಬಿಳಿಯ ಗೆರೆ, ಬೇಯಿಸಿದರೆ ಬೆಣ್ಣೆ. ಸೋದೆ ಮಠದ ವಾದಿರಾಜ ಯತಿಗಳು ಅದರ ಬೀಜವನ್ನು ಆ ಊರಿನವರಿಗೆ ಕೊಟ್ಟರೆಂದು ಐತಿಹ್ಯ. ಅವರು ಹದಿನಾರನೆಯ ಶತಮಾನದಲ್ಲಿದ್ದವರು. ಐತಿಹ್ಯವು ಏನೇ ಇರಲಿ, ತಲೆಮಾರುಗಳಿಂದ ಒಂದು ಊರಿನವರು ಒಂದು ಬೀಜವನ್ನು ಕೈಬಿಡದೆ ಕಾಯ್ದರೆಂಬುದು ದಿಟ. ೨೦೧೦ನೆಯ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಬಿ.ಟಿ. ಬದನೆಯನ್ನು ತಡೆಹಿಡಿದಾಗ ಊರ ಬದನೆಗಳ ಬೀಜ ಯಾರದು ಎಂಬ ಪ್ರಶ್ನೆ ದೇಶದಲ್ಲೆಲ್ಲ ಚರ್ಚೆಗೆ ಬಂದಿತು. ೨೦೧೧ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆ ಗುಳ್ಳಕ್ಕೆ ಮಠದ ಆಶ್ರಯವಿದ್ದಿತು, ಹೆಸರಿದ್ದಿತು. ನಮ್ಮ ಬಿಳಿ ಬೆಂಡೆಗೆ ಒಬ್ಬ ಅಜ್ಜಿಯ ಅಟ್ಟವಲ್ಲದೆ ಬೇರೆ ಆಶ್ರಯವಿರಲಿಲ್ಲ.

ಬೀಜ ಕಾಯುವ ಕ್ರಮ ಕಷ್ಟದ್ದಲ್ಲ. ಕೊನೆಗೆ ಉಳಿದ ಮುರುಟಿದ ಕಾಯನ್ನು ಬೀಜಕ್ಕೆ ಬಿಡಬಾರದು; ರೋಗವಿಲ್ಲದ ಒಳ್ಳೆಯ ಗಿಡದ ಒಳ್ಳೆಯ ಕಾಯಿಗೆ ಮೊದಲೇ ಒಂದು ಕೆಂಪು ದಾರ ಕಟ್ಟಿಬಿಡಬೇಕು. ದಾರ ಕಟ್ಟಿದ ಕಾಯನ್ನು ಅಡುಗೆಯವರು ಮುಟ್ಟಕೂಡದು. ಈಗ ಇದು ನಮ್ಮ ಶಾಲೆಯ ನಿಯಮ. ಬೆಂಡೆ, ಅಲಸಂಡೆಗಳನ್ನು ಗಿಡದಲ್ಲಿಯೇ ಒಣಗಿಸಬೇಕು. ಸೌತೆ, ಕುಂಬಳಗಳ ಬೀಜವನ್ನು ಹಣ್ಣಾದ ಕಾಯಿಯಿಂದ ತೆಗೆದು ತೊಳೆದು ನೆರಳಿನಲ್ಲಿ ಆರಿಸಿ ಬೂದಿಯಲ್ಲಿ ಹೊರಳಿಸಿಡಬೇಕು. ಹಿಂದಿನವರು ಸೆಗಣಿಯಲ್ಲಿ ಕಲಸಿ ಗೋಡೆಗೆ ಬಡಿದಿಡುತ್ತಿದ್ದರು. ಒಂದೇ ಜಾತಿಯ ಎರಡು ತಳಿಗಳನ್ನು ಅಕ್ಕಪಕ್ಕದಲ್ಲಿ ಬೆಳೆದರೆ ದುಂಬಿಗಳು ಅವನ್ನು ಬೆರೆಸುವುವು. ಆದುದರಿಂದ ಒಂದು ಹಿತ್ತಿಲಿಗೆ ಒಂದೇ ತಳಿ ಸಾಕು. ಪೊಟ್ಟಣದ ಮೇಲೆ ಹೆಸರು, ಕೊಟ್ಟ ಮನೆ, ವರುಷ, ಈ ಮೂರನ್ನು ಬರೆಯಬೇಕು.

ಕಡೆಯದಾಗಿ ನಮ್ಮ ಅರಿಕೆ. ಹಳೆ ವಿದ್ಯಾರ್ಥಿನಿಯರೇ, ನೀವು ಒಬ್ಬೊಬ್ಬರೂ ನಿಮ್ಮ ತವರಿನ ಒಂದೇ ಒಂದು ಬೀಜವನ್ನು ಆರಿಸಿಕೊಳ್ಳಿರಿ. ಹೀರೆಯಾಗಲಿ, ಹರಿವೆಯಾಗಲಿ, ಅಲಸಂಡೆಯಾಗಲಿ. ಅದನ್ನು ಪ್ರತಿ ವರುಷ ಬಿತ್ತಿ, ಉಂಡು, ಬೀಜ ಕಟ್ಟಿ, ಎರಡು ಪಾಲು ಮಾಡಿ ಒಂದನ್ನು ಇನ್ನೊಂದು ಮನೆಗೆ ಕೊಡಿರಿ. ಮುಂಬಯಿಯ ಮೂರನೆಯ ಮಾಳಿಗೆಯಲ್ಲಿರುವವಳಿಗೂ ಕಿಟಕಿಯ ಬದಿಯಲ್ಲಿ ಒಂದು ಕುಂಡದಷ್ಟು ಸ್ಥಳ ಉಂಟು. ಹರಿವೆಗೆ ಅಷ್ಟು ಸಾಕು. ತವರಿನ ಮನೆಗೆ ಬೀಗ ಹಾಕಬೇಕಾಗಿ ಬಂದ ದಿನ ಪಾತ್ರೆಪಗಡಗಳ ಜೊತೆಗೆ ಅಟ್ಟದ ಬೀಜವನ್ನೂ ಇಳಿಸಿಕೊಂಡು ಹೋಗಿರಿ. ಹೊತ್ತುಕೊಳ್ಳಲು ಸ್ಥಳವಿಲ್ಲದಿದ್ದರೆ ಶಾಲೆಗೆ ತಂದುಕೊಡಿರಿ. ನಮ್ಮ ತೋಟದಲ್ಲಿ ಈ ವರುಷ ಆ ಅಜ್ಜಿಯ ಬಿಳಿ ಬೆಂಡೆ ಮತ್ತೆ ಕಾಯಿ ಬಿಟ್ಟಿದೆ. ಹನ್ನೆರಡು ಕಾಯಿಗಳಿಗೆ ಕೆಂಪು ದಾರ ಕಟ್ಟಿದ್ದೇವೆ. ಬೇಕಾದವರು ಮಾರ್ಚ್ ತಿಂಗಳೊಳಗೆ ಬಂದು ಕೇಳಿದರೆ ಕೊಡುತ್ತೇವೆ, ಆ ಅಜ್ಜಿ ನಮಗೆ ಹೇಳಿದ ಅದೇ ಕರಾರಿನ ಮೇಲೆ.